ನೆಂಟರು ಬರುವ ದಿನ ಮನೆಯಲ್ಲೇ ಖಾರದ ಪಫ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಕೂತಿರುವ ವೆಜ್ ಪಫ್ಸ್, ಎಗ್ ಪಫ್ಸ್ ಮನೆಯಲ್ಲಿ ಬರುವುದಿಲ್ಲ ಎಂದೇ ಬಹಳ ಜನ ನಂಬಿದ್ದಾರೆ. ಬರುತ್ತದೆ, ಅದೂ ಸುಲಭವಾಗಿ. ಎರಡು ಮಾತು ನೆನಪಿದ್ದರೆ ಸಾಕು: ಪಫ್ ಪೇಸ್ಟ್ರಿ ಹಾಳೆ, ಅಂದರೆ ಬೆಣ್ಣೆ ಇಟ್ಟು ಪದರಪದರವಾಗಿ ಲಟ್ಟಿಸಿದ ಮೈದಾ ಹಿಟ್ಟು, ಒಲೆಗೆ (ಇಲ್ಲಿ ಒಲೆ ಎಂದರೆ ಓವನ್) ಹೋಗುವವರೆಗೂ ತಣ್ಣಗಿರಬೇಕು, ಒಳಗಿನ ಪಲ್ಯ ಒಣಗಿರಬೇಕು. ಇಲ್ಲಿ ಬರುವ ಮುಕ್ಕಾಲು ಪಾಲು ದೂರುಗಳಿಗೆ ಈ ಎರಡರಲ್ಲಿ ಒಂದು ತಪ್ಪಿರುವುದೇ ಕಾರಣ.

ಪಫ್ಸ್ ಹಾಗೆ ಉಬ್ಬುವುದು ಹೇಗೆ? ಸೋಡಾ ಹಾಕಿರುತ್ತಾರಾ?

ಸೋಡಾ ಇಲ್ಲ, ಈಸ್ಟ್ ಕೂಡ ಇಲ್ಲ. ಮೈದಾ ಹಿಟ್ಟಿನ ನಡುವೆ ತಣ್ಣನೆಯ ಬೆಣ್ಣೆಯನ್ನಿಟ್ಟು ಲಟ್ಟಿಸಿ, ಮೂರು ಮಡಿಕೆ ಮಾಡಿ, ಮತ್ತೆ ಲಟ್ಟಿಸುತ್ತಾ ಹೋಗುತ್ತಾರೆ. ಮೂರು ಮಡಿಕೆಯನ್ನು ಆರು ಸಲ ಹಾಕಿದರೆ ಬೆಣ್ಣೆಯ ಪದರ 729 ಆಗುತ್ತದೆ. ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿದೆ, ಹಿಟ್ಟಿನಲ್ಲೂ ನೀರಿದೆ. ಬಿಸಿ ಒಲೆಗೆ ಹೋದ ಕೂಡಲೇ ಆ ನೀರು ಆವಿಯಾಗುತ್ತದೆ. ಆವಿಯಾದ ನೀರು ಮೊದಲಿಗಿಂತ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಕರಗಿದ ಬೆಣ್ಣೆ ಪಕ್ಕಪಕ್ಕದ ಹಿಟ್ಟಿನ ಪದರಗಳನ್ನು ಅಂಟಲು ಬಿಡದೆ ತಡೆದಿರುತ್ತದೆ, ಆವಿ ಅವನ್ನು ಮೇಲಕ್ಕೆತ್ತುತ್ತದೆ. ಒಲೆಗೆ ಹೋಗುವ ಮೊದಲೇ ಬೆಣ್ಣೆ ಕರಗಿ ಹಿಟ್ಟಿನೊಳಗೆ ಇಳಿದರೆ ಪದರವೇ ಉಳಿಯುವುದಿಲ್ಲ, ಆವಿಗೆ ಎತ್ತಲು ಏನೂ ಇರುವುದಿಲ್ಲ. ಆಗ ಸಿಗುವುದು ದಪ್ಪನೆಯ ಖಾರಾ ಬಿಸ್ಕೆಟ್.

ಚಿರೋಟಿ ಮಾಡಿ ಗೊತ್ತು. ಇದೂ ಅದೇ ತರಹವೇ?

ಅಣ್ಣತಮ್ಮಂದಿರಷ್ಟು ಹತ್ತಿರ. ಚಿರೋಟಿಗೆ ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿ ಹಚ್ಚುತ್ತೇವಲ್ಲ, ಅಲ್ಲಿ ಪದರ ಬಿಡಿಸುವುದು ಆ ಲೇಪ ಮತ್ತು ಕಾದ ಎಣ್ಣೆ. ಪಫ್ಸ್‌ನಲ್ಲಿ ಬೆಣ್ಣೆ ಮತ್ತು ಆವಿ. ಚಿರೋಟಿಯಲ್ಲಿ ಲೇಪ ಮೆತ್ತಗಿದ್ದರೂ ನಡೆಯುತ್ತದೆ, ಅಕ್ಕಿಹಿಟ್ಟು ಅದನ್ನು ಹಿಡಿದಿಡುತ್ತದೆ. ಇಲ್ಲಿ ಬೆಣ್ಣೆ ಗಟ್ಟಿಯಾಗಿಯೇ ಇರಬೇಕು. ಚಿರೋಟಿಯ ಸುರುಳಿಯನ್ನು ಒತ್ತದೆ ಹಗುರಾಗಿ ಲಟ್ಟಿಸುವ ಕೈಗೆ ಪಫ್ಸ್ ಬೇಗ ಒಲಿಯುತ್ತದೆ.

ಹಾಳೆ ಕೊಳ್ಳುವುದಾ, ಮನೆಯಲ್ಲೇ ಮಾಡುವುದಾ?

ಮೊದಲ ಸಲ ಮಾಡುವವರು, ಅದರಲ್ಲೂ ಅಂದೇ ನೆಂಟರು ಬರುವವರಿದ್ದರೆ, ಫ್ರೀಜರ್ ಹಾಳೆಯನ್ನೇ ಕೊಳ್ಳಿ. ದೊಡ್ಡ ದಿನಸಿ ಅಂಗಡಿಗಳಲ್ಲಿ, ಬೇಕಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಪ್ಯಾಕೆಟ್ ತಿರುಗಿಸಿ ಮೂರು ಸಂಗತಿ ನೋಡಿ. ಒಂದು, ಬೆಣ್ಣೆಯೋ ಮಾರ್ಗರಿನ್ನೋ (ಬೆಣ್ಣೆಯ ಬದಲು ಬಳಸುವ, ಎಣ್ಣೆಯಿಂದ ಮಾಡಿದ ಕೊಬ್ಬು). ಮಾರ್ಗರಿನ್ ಹಾಳೆ ಸೆಖೆಯಲ್ಲಿ ಬೇಗ ಸೋಲುವುದಿಲ್ಲ, ಆದರೆ ತಿಂದ ಮೇಲೆ ಅಂಗುಳಕ್ಕೆ ಜಿಡ್ಡು ಅಂಟಿದಂತಿರುತ್ತದೆ. ಎರಡು, ಹಸಿರು ಗುರುತು. ಮನೆಗೆ ಬರುವವರು ಮೊಟ್ಟೆ ಮುಟ್ಟದವರಾಗಿದ್ದರೆ ಇದನ್ನು ಮರೆಯಬೇಡಿ. ಮೂರು, ಹಾಳೆಗಳು ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗಿವೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು. ಹಾಗಾಗಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಅದನ್ನು ತರಬೇಡಿ.

ಇಲ್ಲಿನ ಅಳತೆಗಳೆಲ್ಲ ಸುಮಾರು 24 ಸೆಂ.ಮೀ. ಚೌಕದ, 3ರಿಂದ 4 ಮಿ.ಮೀ. ದಪ್ಪದ, ಹೆಚ್ಚುಕಡಿಮೆ 250 ಗ್ರಾಂ ತೂಗುವ ಹಾಳೆಗೆ ಹೊಂದುತ್ತವೆ. ನಿಮ್ಮ ಪ್ಯಾಕೆಟ್ಟಿನ ಹಾಳೆ ಚಿಕ್ಕದಿದ್ದರೆ ತುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ, ತುಂಡಿನ ಅಳತೆ ಬದಲಿಸಬೇಡಿ.

ಫ್ರೀಜರ್‌ನಿಂದ ತೆಗೆದು ಎಷ್ಟು ಹೊತ್ತು ಹೊರಗಿಡಬೇಕು?

ಹೊರಗಿಡುವುದಕ್ಕಿಂತ ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್ಜಿಗೆ ಇಳಿಸುವುದು ಒಳ್ಳೆಯದು. ಬೆಳಗ್ಗೆ ಹೊತ್ತಿಗೆ ಮಡಚಿದರೆ ಮುರಿಯದಷ್ಟು ಮೆತ್ತಗೆ, ಮುಟ್ಟಿದರೆ ತಣ್ಣಗೆ ಇರುತ್ತದೆ. ಮರೆತಿದ್ದರೆ ಬೆಂಗಳೂರಿನ ಹವೆಯಲ್ಲಿ 25ರಿಂದ 35 ನಿಮಿಷ ಹೊರಗಿಡಿ, ಪ್ಯಾಕೆಟ್ಟಿನ ಪ್ಲಾಸ್ಟಿಕ್ ಬಿಚ್ಚದೆ. ಬಿಚ್ಚಿದರೆ ಗಾಳಿಯ ತೇವ ಹಾಳೆಯ ಮೇಲೆ ಬೆವರಿನಂತೆ ಕೂರುತ್ತದೆ.

ಗಡಿಯಾರಕ್ಕಿಂತ ಬೆರಳನ್ನು ನಂಬಿ. ಮೂಲೆಯೊಂದನ್ನು ನಿಧಾನವಾಗಿ ಎತ್ತಿ ಬಾಗಿಸಿ. ಬಿರುಕು ಬಿಟ್ಟರೆ ಇನ್ನೈದು ನಿಮಿಷ ಬೇಕು. ಬೆರಳ ಗುರುತು ಎಣ್ಣೆ ಹೊಳಪಿನೊಂದಿಗೆ ಉಳಿದರೆ ಹೆಚ್ಚಾಗಿದೆ. ತಟ್ಟೆಯ ಮೇಲೆ ಹರಡಿ 15 ನಿಮಿಷ ಫ್ರಿಜ್ಜಿನಲ್ಲಿಡಿ. ಬೇಗ ಆಗಲೆಂದು ಮೈಕ್ರೋವೇವ್‌ನಲ್ಲಿ ಕರಗಿಸಲು ಹೋಗಬೇಡಿ, ನಡುವೆ ಬೆಣ್ಣೆ ಹರಿದು ಅಂಚು ಇನ್ನೂ ಕಲ್ಲಾಗಿರುತ್ತದೆ.

ನಮ್ಮೂರು ಕಲಬುರಗಿ. ಮೇ ತಿಂಗಳಲ್ಲಿ ಇದೆಲ್ಲ ಆಗುತ್ತದೆಯೇ?

ಆಗುತ್ತದೆ, ಕೆಲಸವನ್ನು ಬೆಳಗಿನ ಜಾವಕ್ಕೆ ತಳ್ಳಿದರೆ. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಿ ಜಾರತೊಡಗುತ್ತದೆ. 40 ದಾಟಿದ ಮಧ್ಯಾಹ್ನ ನಿಮಗೆ ಐದಾರು ನಿಮಿಷಕ್ಕಿಂತ ಹೆಚ್ಚು ಸಮಯ ಸಿಗುವುದಿಲ್ಲ. ಒಂದೇ ಹಾಳೆ ಹೊರತೆಗೆಯಿರಿ, ಅದನ್ನೂ ಅರ್ಧ ಮಾಡಿ ಇನ್ನರ್ಧ ಒಳಗಿಡಿ. ಅಗಲದ ಸ್ಟೀಲ್ ತಟ್ಟೆಯಲ್ಲಿ ಐಸ್ ಹರಡಿ, ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ, ಅದನ್ನೇ ಮಣೆ ಮಾಡಿಕೊಳ್ಳಿ. ಲಟ್ಟಣಿಗೆಯೂ ಫ್ರಿಜ್ಜಿನಿಂದ ಬರಲಿ. ಫ್ಯಾನ್ ಇರಲಿ, ಆದರೆ ಕತ್ತರಿಸಿಟ್ಟ ಚೌಕಗಳ ಮೇಲೆ ಬಟ್ಟೆ ಮುಚ್ಚಿ. ಇಲ್ಲದಿದ್ದರೆ ಮೇಲ್ಮೈ ಒಣಗಿ ಅಂಚು ಅಂಟುವುದಿಲ್ಲ. ಮಂಗಳೂರು, ಕಾರವಾರದ ಕಡೆ ಬಿಸಿಗಿಂತ ತೇವದ್ದೇ ಕಾಟ, ಅಲ್ಲಿ ಮಣೆಗೆ ಉದುರಿಸುವ ಮೈದಾ ಒಂದು ಚಿಟಿಕೆ ಹೆಚ್ಚಿಗೆ ಬೇಕು.

ಹಾಳೆಯನ್ನು ಮನೆಯಲ್ಲೇ ಮಾಡುವ ಸುಲಭ ದಾರಿ ಇದೆಯೇ?

ಇದೆ. ಬೇಕರಿಯವರಂತೆ ಬೆಣ್ಣೆಯ ಇಡೀ ಹಲಗೆಯನ್ನು ಹಿಟ್ಟಿನಲ್ಲಿ ಸುತ್ತದೆ, ತುಂಡು ಬೆಣ್ಣೆಯನ್ನೇ ಹಿಟ್ಟಿಗೆ ಸೇರಿಸಿ ಮಡಚುವ ವಿಧಾನ. ಉಬ್ಬುವಿಕೆ ಸ್ವಲ್ಪ ಕಡಿಮೆ, ರುಚಿ ಕೊಂಡ ಹಾಳೆಗಿಂತ ಎಷ್ಟೋ ಮೇಲು. ನೆಂಟರು ಬರುವ ಹಿಂದಿನ ದಿನ ಮಾಡಿಡಿ.

ಮೈದಾ 250 ಗ್ರಾಂ, ಗಟ್ಟಿ ತಣ್ಣನೆಯ ಬೆಣ್ಣೆ 175 ಗ್ರಾಂ, ನಿಂಬೆರಸ 1 ಟೀ ಚಮಚ, ಐಸ್ ನೀರು 110ರಿಂದ 120 ಮಿ.ಲೀ. ಉಪ್ಪಿಲ್ಲದ ಬೆಣ್ಣೆಯಾದರೆ 1 ಟೀ ಚಮಚ ಉಪ್ಪು. ಅಂಗಡಿಯ ಉಪ್ಪು ಬೆಣ್ಣೆಯಾದರೆ ಕಾಲು ಚಮಚ ಸಾಕು.

ಬೆಣ್ಣೆಯನ್ನು ಒಂದೂವರೆ ಸೆಂ.ಮೀ. ಚೌಕಗಳಾಗಿ ಕತ್ತರಿಸಿ 15 ನಿಮಿಷ ಫ್ರೀಜರ್‌ನಲ್ಲಿಡಿ. ಮೈದಾ, ಉಪ್ಪಿನ ಜೊತೆ ಹೊರಳಿಸಿ. ಇಲ್ಲಿ ನಮ್ಮ ಕೈ ಅಭ್ಯಾಸ ಅಡ್ಡ ಬರುತ್ತದೆ: ನಿಪ್ಪಟ್ಟಿಗೆ, ಕೋಡುಬಳೆಗೆ ಬಿಸಿ ಎಣ್ಣೆ ಹಾಕಿ ಹಿಟ್ಟನ್ನು ಬೆರಳಿಂದ ಉಜ್ಜುತ್ತೇವಲ್ಲ, ಹಾಗೆ ಉಜ್ಜಬಾರದು. ಬೆಣ್ಣೆ ತುಂಡುಗಳು ತುಂಡುಗಳಾಗಿಯೇ ಉಳಿಯಬೇಕು, ಮೇಲೆ ಹಿಟ್ಟಿನ ಲೇಪ ಮಾತ್ರ. ನಿಂಬೆರಸ ಬೆರೆಸಿದ ಐಸ್ ನೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸಿ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ನೋಡಲು ಒರಟಾಗಿ, ಅಲ್ಲಲ್ಲಿ ಒಣಹಿಟ್ಟು ಕಾಣುತ್ತಾ, ಬೆಣ್ಣೆ ಚೂರುಗಳು ಇಣುಕುತ್ತಾ ಇರುವ ಮುದ್ದೆ ಸಾಕು. ‘ಇದು ಹಿಟ್ಟಾ?’ ಎಂದು ಅನುಮಾನ ಬರುವಂತಿದ್ದರೆ ಸರಿಯಾಗಿದೆ.

ಮಣೆಗೆ ಮೈದಾ ಉದುರಿಸಿ 15 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದಕ್ಕೆ ಲಟ್ಟಿಸಿ. ಮೂರು ಮಡಿಕೆ ಮಾಡಿ, ಕಾಲು ಸುತ್ತು ತಿರುಗಿಸಿ ಮತ್ತೆ ಅಷ್ಟೇ ಉದ್ದಕ್ಕೆ ಲಟ್ಟಿಸಿ, ಮತ್ತೆ ಮೂರು ಮಡಿಕೆ. ಪ್ಲಾಸ್ಟಿಕ್ ಸುತ್ತಿ 30 ನಿಮಿಷ ಫ್ರಿಜ್ಜಿನಲ್ಲಿಡಿ. ಹೊರತೆಗೆದು ಲಟ್ಟಿಸಿ ಮೂರು ಮಡಿಕೆ ಮಾಡುವುದು ಇನ್ನೆರಡು ಸಲ, ಒಟ್ಟು ನಾಲ್ಕು. ಮೊದಲ ಮಡಿಕೆಯಲ್ಲಿ ಹರಿದು ಚೂರಾಗುತ್ತಿದ್ದ ಹಿಟ್ಟು ನಾಲ್ಕನೆಯದಕ್ಕೆ ರೇಷ್ಮೆಯಂತೆ ನಯವಾಗಿರುತ್ತದೆ. ಅಂಚು ಕತ್ತರಿಸಿ ನೋಡಿದರೆ ಬಾಳೆದಿಂಡಿನ ಪದರದ ಹಾಗೆ ಹಳದಿ-ಬಿಳಿ ಗೆರೆಗಳು. ಮತ್ತೆ ಒಂದು ಗಂಟೆ ಫ್ರಿಜ್ಜು. ಒಟ್ಟು 540 ಗ್ರಾಂ ಆಸುಪಾಸು ಬರುತ್ತದೆ. ಎರಡು ಪಾಲು ಮಾಡಿ, ಒಂದೊಂದನ್ನೂ 24 ಸೆಂ.ಮೀ. ಚೌಕಕ್ಕೆ ಲಟ್ಟಿಸಿ.

ಲಟ್ಟಿಸುವಾಗ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಎಳೆಯುತ್ತಿದ್ದರೆ ಬಲ ಹಾಕಬೇಡಿ. ಅದಕ್ಕೆ 15 ನಿಮಿಷ ವಿಶ್ರಾಂತಿ ಬೇಕಾಗಿದೆ, ಅಷ್ಟೇ.

ಮನೆಯಲ್ಲಿ ಕಡೆದ ಬೆಣ್ಣೆ, ತುಪ್ಪ, ವನಸ್ಪತಿ ಇವುಗಳಲ್ಲಿ ಯಾವುದಾದರೂ ಆಗುತ್ತದೆಯೇ?

ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ. ಐಸ್ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಬಟ್ಟೆಯಲ್ಲಿ ಒತ್ತಿ ನೀರಿಳಿಸಿ, ಗಟ್ಟಿ ಹಲಗೆಯಾಗಿ ತಣಿಸಿದರೆ ಬಳಸಬಹುದು. ತುಪ್ಪ ಬೇಡ. ತುಪ್ಪದಲ್ಲಿ ನೀರಿನಂಶವಿಲ್ಲ, ತಣಿದಾಗ ಹರಳುಹರಳಾಗಿ ಲಟ್ಟಣಿಗೆಯಡಿ ಹಾಳೆಯಂತೆ ಹರಡುವುದಿಲ್ಲ. ವನಸ್ಪತಿ ಮತ್ತು ಬೇಕರಿ ಮಾರ್ಗರಿನ್ ಬೆಣ್ಣೆಗಿಂತ ಹೆಚ್ಚು ಬಿಸಿಯಲ್ಲಿ ಕರಗುವುದರಿಂದ ಕೆಲಸಕ್ಕೆ ಸುಲಭ. 2022ರ ಜನವರಿಯಿಂದ ಇಂಥ ಕೊಬ್ಬುಗಳಲ್ಲಿ ಕಾರ್ಖಾನೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮವಿದೆ. ಆದರೂ ಮನೆಯಲ್ಲಿ ಕಷ್ಟಪಟ್ಟು ಮಾಡುವುದಾದರೆ ಬೆಣ್ಣೆಯಲ್ಲೇ ಮಾಡಿ. ಆ ಪರಿಮಳಕ್ಕೆ ಬೇರೆ ಸಾಟಿಯಿಲ್ಲ.

ವೆಜ್ ಪಫ್ಸ್ ಪಲ್ಯಕ್ಕೆ ಅಳತೆ ಕೊಡಿ.

18 ಸಣ್ಣ ಪಫ್ಸ್‌ಗೆ, ಅಂದರೆ ಎರಡು ಹಾಳೆಗೆ: ಬೇಯಿಸಿದ ಆಲೂಗಡ್ಡೆ 200 ಗ್ರಾಂ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಕ್ಯಾರೆಟ್ ಮತ್ತು ಬಟಾಣಿ ಸೇರಿ 60 ಗ್ರಾಂ, ಹಸಿಮೆಣಸಿನಕಾಯಿ ಎರಡು, ಶುಂಠಿ ಬೆಳ್ಳುಳ್ಳಿ ಪೇಸ್ಟ್ 1 ಟೀ ಚಮಚ, ಎಣ್ಣೆ ಒಂದೂವರೆ ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಅರಿಶಿನ ಕಾಲು ಚಮಚ, ಅಚ್ಚಖಾರದ ಪುಡಿ ಮತ್ತು ಧನಿಯಾ ಪುಡಿ ತಲಾ ಒಂದೊಂದು ಚಮಚ, ಗರಂ ಮಸಾಲೆ ಅರ್ಧ ಚಮಚ, ಉಪ್ಪು ಮುಕ್ಕಾಲು ಚಮಚ, ಕೊನೆಗೆ ಅರ್ಧ ನಿಂಬೆಹಣ್ಣಿನ ರಸ.

ಆಲೂಗಡ್ಡೆಯನ್ನು ಸಿಪ್ಪೆಯೊಂದಿಗೆ ಇಡಿಯಾಗಿ ಬೇಯಿಸಿ. ಹೆಚ್ಚಿ ಕುಕ್ಕರಿಗೆ ಹಾಕಿದರೆ ನೀರು ಕುಡಿದುಬಿಡುತ್ತದೆ. ಕ್ಯಾರೆಟ್, ಬಟಾಣಿ ಮೊದಲೇ ಬೇಯಿಸಿ ಬಸಿದಿರಲಿ. ಒಗ್ಗರಣೆಗೆ ಜೀರಿಗೆ, ಈರುಳ್ಳಿ. ಈರುಳ್ಳಿ ಅಂಚು ಕೆಂಪಾದ ಮೇಲೆ ಪೇಸ್ಟು, ಮೆಣಸಿನಕಾಯಿ, ತರಕಾರಿ, ಪುಡಿಗಳು, ಕೊನೆಗೆ ಒರಟಾಗಿ ಪುಡಿಮಾಡಿದ ಆಲೂಗಡ್ಡೆ. ಮುಚ್ಚಳ ಹಾಕದೆ ನಾಲ್ಕೈದು ನಿಮಿಷ ಹುರಿಯಿರಿ. ಬಾಣಲೆಯ ತಳಕ್ಕೆ ತೆಳ್ಳಗೆ ಅಂಟಲು ಶುರುವಾದಾಗ ನೀರು ಹೋಗಿದೆ ಎಂದು ತಿಳಿಯಿರಿ. ಅಗಲದ ತಟ್ಟೆಗೆ ಹರಡಿ ಪೂರ್ತಿ ಆರಿಸಿ, ಆಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಪಲ್ಯ ಉಗುರುಬೆಚ್ಚಗಿದ್ದರೂ ಅದು ಕೂರುವ ಜಾಗದ ಬೆಣ್ಣೆ ಕರಗುತ್ತದೆ, ಅಲ್ಲಿ ಹಸಿ ಹಿಟ್ಟಿನ ಗೋಂದು ಉಳಿಯುತ್ತದೆ.

ಮಸಾಲೆ ದೋಸೆಯ ಪಲ್ಯ ಮಿಕ್ಕಿದೆ, ಅದನ್ನೇ ತುಂಬಬಹುದೇ ಎಂದು ಕೇಳುವವರಿದ್ದಾರೆ. ಅದು ನೀರು ಹಾಕಿ ಮಾಡಿದ್ದು, ಮೆತ್ತಗಿರುತ್ತದೆ. ಬಾಣಲೆಯಲ್ಲಿ ಮತ್ತೆ ಒಣಗಿಸಿ, ಖಾರ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಬೆಂದ ಮೈದಾ ಪದರಗಳ ನಡುವೆ ಉಪ್ಪು ಖಾರ ಮಂದವಾಗಿ ತೋರುತ್ತದೆ, ಆದ್ದರಿಂದ ಬಾಯಿಗೆ ಹಾಕಿದಾಗ ಪಲ್ಯ ತುಸು ಜೋರಾಗಿಯೇ ಇರಬೇಕು.

ಕತ್ತರಿಸುವುದು, ಮಡಚುವುದು ಹೇಗೆ?

ಹರಿತವಾದ ಉದ್ದ ಚಾಕು ತೆಗೆದುಕೊಂಡು ನೇರ ಕೆಳಗೆ ಒತ್ತಿ ಕತ್ತರಿಸಿ. ಎಳೆದರೆ ಪದರಗಳ ಅಂಚು ಒಂದರ ಮೇಲೊಂದು ಬಳಿದುಕೊಂಡು ಅಂಟುತ್ತದೆ, ಆ ಬದಿ ಏಳುವುದೇ ಇಲ್ಲ. ಒಂದು ಹಾಳೆಯಲ್ಲಿ 8 ಸೆಂ.ಮೀ. ಚೌಕ ಒಂಬತ್ತು ಬರುತ್ತವೆ. ಪ್ರತಿಯೊಂದರ ನಡುವೆ 15 ಗ್ರಾಂ ಪಲ್ಯ, ಅಂದರೆ ತಲೆ ತಟ್ಟಿದ ಒಂದು ದೊಡ್ಡ ಚಮಚ. ಎರಡು ಅಂಚಿಗೆ ಬೆರಳಿಂದ ನೀರು ತೇವ ಮಾಡಿ ತ್ರಿಕೋನಕ್ಕೆ ಮಡಚಿ, ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಬೆರಳಲ್ಲಿ ಒತ್ತಿ. ಕರಿಗಡುಬಿಗೆ ಒತ್ತಿದಂತೆ ಫೋರ್ಕಿನಿಂದ ಅಂಚಿನುದ್ದಕ್ಕೂ ಒತ್ತುವುದು ಬೇಡ. ಚೆಂದ ಕಾಣುತ್ತದೆ, ಆದರೆ ಆ ಅಂಚು ಗಟ್ಟಿ ಕಡ್ಡಿಯಾಗುತ್ತದೆ. ಮೇಲೆ ಚಾಕುವಿನ ತುದಿಯಲ್ಲಿ ಒಂದು ಸಣ್ಣ ಸೀಳು ಬಿಡಿ, ಆವಿ ಅಲ್ಲಿಂದ ಹೋಗಲಿ.

ಜೋಡಿಸಿದ ಟ್ರೇಯನ್ನು ಹಾಗೇ 20 ನಿಮಿಷ ಫ್ರಿಜ್ಜಿನಲ್ಲಿಡಿ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದೇ, ಉಬ್ಬಿನಲ್ಲಿ ಅತಿ ದೊಡ್ಡ ವ್ಯತ್ಯಾಸ ಮಾಡುವುದೂ ಇದೇ.

ಎಗ್ ಪಫ್ಸ್‌ಗೆ ಬೇರೆ ಅಳತೆಯೇ?

ಹೌದು, ಚೌಕ ದೊಡ್ಡದು ಬೇಕು. 12 ಸೆಂ.ಮೀ.ನಂತೆ ಹಾಳೆಗೆ ನಾಲ್ಕು. ಎಂಟು ಪಫ್ಸ್‌ಗೆ ನಾಲ್ಕು ಮೊಟ್ಟೆ, ಕುದಿಯುವ ನೀರಿನಲ್ಲಿ 9 ನಿಮಿಷ. ಒಲೆಯಲ್ಲಿ ಮತ್ತೆ ಬೇಯುವುದರಿಂದ ಇದಕ್ಕಿಂತ ಹೆಚ್ಚು ಬೇಡ. ಮಸಾಲೆಗೆ ಉದ್ದಕ್ಕೆ ಸೀಳಿದ ಈರುಳ್ಳಿ 300 ಗ್ರಾಂ, ಟೊಮೆಟೊ ಒಂದೇ ಒಂದು, ಅಚ್ಚಖಾರ ಒಂದೂವರೆ ಚಮಚ, ಕರಿಮೆಣಸಿನ ಪುಡಿ ಅರ್ಧ ಚಮಚ, ಕರಿಬೇವು, ಉಪ್ಪು. ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ 15 ನಿಮಿಷ ಬಾಡಿಸಿ. ಚೌಕದ ನಡುವೆ ಮಸಾಲೆ ಹಾಕಿ, ಅರ್ಧ ಮೊಟ್ಟೆಯನ್ನು ಹಳದಿ ಭಾಗ ಕೆಳಗೆ ಬರುವಂತೆ ಕೂರಿಸಿ, ಎದುರುಬದುರು ಎರಡು ಮೂಲೆಗಳನ್ನು ಮೇಲೆ ತಂದು ನೀರು ಹಚ್ಚಿ ಅಂಟಿಸಿ. ಮೊಟ್ಟೆಯ ಬಿಳಿಭಾಗವನ್ನು ಒರೆಸಿ ಒಣಗಿಸಿರಬೇಕು.

ನಮ್ಮಲ್ಲಿ ಮೊಟ್ಟೆ ಬಳಸುವುದಿಲ್ಲ. ಹೊಳೆಯುವ ಬಣ್ಣ ಬರಿಸುವುದು ಹೇಗೆ?

ಎರಡು ಚಮಚ ಹಾಲಿನ ಕೆನೆಗೆ ಒಂದು ಚಮಚ ಹಾಲು, ಎರಡು ಚಿಟಿಕೆ ಸಕ್ಕರೆ ಬೆರೆಸಿ ಹಚ್ಚಿ. ಕೆನೆ ಗಂಟಿಲ್ಲದೆ ಕದಡಿರಲಿ. ಮೊಟ್ಟೆಯ ಕನ್ನಡಿ ಹೊಳಪು ಬಾರದಿದ್ದರೂ ಹೊಂಬಣ್ಣ ಚೆನ್ನಾಗಿಯೇ ಬರುತ್ತದೆ. ಬರೀ ಹಾಲು ಹಚ್ಚಿದರೆ ಮಾಸಲು. ಮೊಟ್ಟೆ ಬಳಸುವವರು ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಹಾಲು, ಒಂದು ಚಿಟಿಕೆ ಉಪ್ಪು ಹಾಕಿ ಕದಡಿ. ಯಾವುದನ್ನೇ ಹಚ್ಚಿದರೂ ಮೇಲ್ಭಾಗಕ್ಕೆ ಮಾತ್ರ. ಕತ್ತರಿಸಿದ ಬದಿಗೆ ಇಳಿದರೆ ಅಂಟಿನಂತೆ ಪದರಗಳನ್ನು ಹಿಡಿದುಕೊಳ್ಳುತ್ತದೆ, ಪಫ್ಸ್ ಒಂದು ಕಡೆಗೆ ವಾಲಿ ಏಳುತ್ತದೆ.

ಪಲ್ಯ ಮಾಡಲು ಸಮಯವೇ ಇಲ್ಲ. ಫೋನ್ ಮಾಡಿ ‘ಹತ್ತಿರ ಇದ್ದೇವೆ’ ಅಂದಿದ್ದಾರೆ!

ಫ್ರಿಜ್ಜಿನಲ್ಲಿ ಹಾಳೆ ಇದ್ದರೆ ಮುಕ್ಕಾಲು ಗಂಟೆ ಸಾಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಸದಾ ಇರುವ ಶೇಂಗಾ ಚಟ್ನಿಪುಡಿ ಇದಕ್ಕೆ ಹೇಳಿಮಾಡಿಸಿದ್ದು. ಒಣ, ಖಾರ, ಬೆಳ್ಳುಳ್ಳಿ ಘಮ, ನೀರಿನ ಹಂಗೇ ಇಲ್ಲ. ಹಾಳೆಯ ಮೇಲೆ ಒಂದು ಚಮಚ ಮೆತ್ತನೆಯ ಬೆಣ್ಣೆ ತೆಳ್ಳಗೆ ಸವರಿ, ನಾಲ್ಕು ದೊಡ್ಡ ಚಮಚ ಪುಡಿ ಉದುರಿಸಿ, ಒಂದು ಅಂಚಿನಲ್ಲಿ ಒಂದೂವರೆ ಸೆಂ.ಮೀ. ಖಾಲಿ ಬಿಟ್ಟು ಅಲ್ಲಿ ನೀರು ಹಚ್ಚಿ. ಬಿಗಿಯಾಗಿ ಸುತ್ತಿ, 20 ನಿಮಿಷ ಫ್ರೀಜರ್. ಅಷ್ಟರಲ್ಲಿ ಒಲೆ ಕಾಯುತ್ತದೆ. ಒಂದೂಕಾಲು ಸೆಂ.ಮೀ. ದಪ್ಪಕ್ಕೆ ಕತ್ತರಿಸಿದರೆ 18ರ ಆಸುಪಾಸು ಚಕ್ರಗಳು. ಸುರುಳಿಯ ತುದಿಯನ್ನು ಅಡಿಗೆ ಸಿಕ್ಕಿಸಿ ಜೋಡಿಸಿ. 200 ಡಿಗ್ರಿ, 17ರಿಂದ 20 ನಿಮಿಷ. ಅಗಸೆ ಚಟ್ನಿಪುಡಿ, ಗುರೆಳ್ಳು ಪುಡಿಯೂ ಚೆನ್ನ.

ಮಕ್ಕಳಿದ್ದರೆ ಚೀಸ್ ಕಡ್ಡಿ. ಹಾಳೆಯ ಅರ್ಧಕ್ಕೆ 60 ಗ್ರಾಂ ತುರಿದ ಚೀಸ್, ಅರ್ಧ ಚಮಚ ಕುಟ್ಟಿದ ಕರಿಮೆಣಸು, ಅರ್ಧ ಚಮಚ ಓಂಕಾಳು ಉದುರಿಸಿ, ಇನ್ನರ್ಧ ಮಡಚಿ, ಲಟ್ಟಣಿಗೆಯನ್ನು ಒಮ್ಮೆ ಹಗುರಾಗಿ ಉರುಳಿಸಿ. ಒಂದೂವರೆ ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ, ಎರಡೂ ತುದಿ ಹಿಡಿದು ಹುರಿ ಹೊಸೆದಂತೆ ಮೂರು ಸುತ್ತು ತಿರುವಿ. ತುದಿಗಳನ್ನು ಟ್ರೇಗೆ ಒತ್ತದಿದ್ದರೆ ಬೇಯುವಾಗ ಬಿಚ್ಚಿಕೊಳ್ಳುತ್ತವೆ. 200 ಡಿಗ್ರಿ, 14ರಿಂದ 16 ನಿಮಿಷ. ಚೀಸ್ ಮೊದಲೇ ಉಪ್ಪು, ಬೇರೆ ಉಪ್ಪು ಹಾಕಬೇಡಿ.

ಪನೀರ್, ಅಣಬೆ, ಸೊಪ್ಪು ತುಂಬಿದರೆ ಅಡಿ ಒದ್ದೆಯಾಗುತ್ತದೆ. ಏನು ಮಾಡುವುದು?

ಮೂರರಲ್ಲೂ ನೀರೇ ಶತ್ರು. ಅಣಬೆಯ ತೂಕದಲ್ಲಿ ಶೇ. 90ರಷ್ಟು ನೀರು. ದೊಡ್ಡ ಉರಿಯಲ್ಲಿ, ಅಗಲದ ಬಾಣಲೆಯಲ್ಲಿ, ಉಪ್ಪು ಹಾಕದೆ ಹುರಿಯಿರಿ. ನೀರು ಬಿಟ್ಟು, ಅದು ಇಂಗಿ, ಚರಚರ ಸದ್ದು ಮತ್ತೆ ಶುರುವಾದ ಮೇಲೆ ಉಪ್ಪು. 200 ಗ್ರಾಂ ಅಣಬೆ ಒಂದು ಹಿಡಿಯಷ್ಟಾಗುತ್ತದೆ, ಹೆದರಬೇಡಿ. ಪಾಲಕ್ ಸೊಪ್ಪನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಬಟ್ಟೆಯಲ್ಲಿ ಕಟ್ಟಿ ಕೈಯಲ್ಲಾದಷ್ಟೂ ಹಿಂಡಿ. ಮೆಂತ್ಯ ಸೊಪ್ಪಾದರೆ ಬರೀ ಹುರಿದರೆ ಸಾಕು, ಅದರಲ್ಲಿ ನೀರು ಕಡಿಮೆ; ರುಚಿಯೂ ಬೆಣ್ಣೆಯ ಜೊತೆ ಪಾಲಕ್‌ಗಿಂತ ಚೆನ್ನಾಗಿ ಕೂರುತ್ತದೆ. ಪನೀರನ್ನು ತುರಿದು, ಒಣ ಬಟ್ಟೆಯಲ್ಲಿ ಒತ್ತಿ, ಸೊಪ್ಪಿನೊಂದಿಗೆ ಎರಡು ನಿಮಿಷ ಬಾಡಿಸಿ. ಇನ್ನೂ ತೇವ ಅನ್ನಿಸಿದರೆ ಎರಡು ಚಮಚ ಹುರಿಗಡಲೆ ಹಿಟ್ಟು ಬೆರೆಸಿ. ಅಷ್ಟರಲ್ಲೇ ಹಿಡಿದುಕೊಳ್ಳುತ್ತದೆ, ರುಚಿ ಕೆಡುವುದಿಲ್ಲ.

ಓಟಿಜಿ, ಕನ್ವೆಕ್ಷನ್ ಮೈಕ್ರೋವೇವ್, ಏರ್ ಫ್ರೈಯರ್: ಯಾವುದಕ್ಕೆ ಎಷ್ಟು?

ಓಟಿಜಿಯಲ್ಲಿ, ಅಂದರೆ ಮೇಜಿನ ಮೇಲಿಡುವ ಪುಟ್ಟ ವಿದ್ಯುತ್ ಓವನ್‌ನಲ್ಲಿ, ಮೇಲಿನ ಕೆಳಗಿನ ಎರಡೂ ಕಂಬಿ ಹೊತ್ತಿಸಿ 200 ಡಿಗ್ರಿಗೆ 15 ನಿಮಿಷ ಕಾಯಿಸಿ. ಟ್ರೇ ನಡುವಿನ ಗೂಡಿನಲ್ಲಿ, ವೆಜ್ ಪಫ್ಸ್‌ಗೆ 22ರಿಂದ 25 ನಿಮಿಷ, ಎಗ್ ಪಫ್ಸ್‌ಗೆ 25ರಿಂದ 28. ಮನೆಯ ಬೆಣ್ಣೆ ಹಾಳೆಯಾದರೆ ಮೊದಲ 10 ನಿಮಿಷ 210, ಆಮೇಲೆ 190. ಮೊದಲ ಹೊಡೆತದ ಬಿಸಿ ಪದರ ಎಬ್ಬಿಸುತ್ತದೆ, ನಂತರದ ಹದ ಬಿಸಿ ಒಳಗನ್ನು ಒಣಗಿಸುತ್ತದೆ. ಮೊದಲ 15 ನಿಮಿಷ ಬಾಗಿಲು ತೆರೆಯಬೇಡಿ.

ಮೈಕ್ರೋವೇವ್ ಆದರೆ ಕನ್ವೆಕ್ಷನ್ ಮೋಡ್ ಮಾತ್ರ. ಒಲೆ ಚಿಕ್ಕದಿರುವುದರಿಂದ ಒಂದು ಸಲಕ್ಕೆ ಆರೇಳು ತುಂಡಿಗಿಂತ ಹೆಚ್ಚು ಬೇಡ. ಏರ್ ಫ್ರೈಯರ್‌ನಲ್ಲಿ 180 ಡಿಗ್ರಿ, 10ರಿಂದ 12 ನಿಮಿಷ. ಎಂಟನೇ ನಿಮಿಷಕ್ಕೆ ತಿರುವಿ ಹಾಕಿ. ಅದರ ಗಾಳಿ ಜೋರಾಗಿರುವುದರಿಂದ ಸಡಿಲ ಮೂಲೆಗಳು ಬಿಚ್ಚಿ ಹಾರಾಡುತ್ತವೆ, ಚೆನ್ನಾಗಿ ಅಂಟಿಸಿ. ಇವೇನೂ ಇಲ್ಲದೆ ಉಪ್ಪು ಹರಡಿದ ದಪ್ಪ ಬಾಣಲೆಯಲ್ಲಿ ಮುಚ್ಚಿ ಬೇಯಿಸುವವರಿದ್ದಾರೆ. ಅಡಿ ಕೆಂಪಾಗುವಾಗ ಮೇಲೆ ಬಿಳಚಿಕೊಂಡಿರುತ್ತದೆ. ಚೀಸ್ ಕಡ್ಡಿಯಂಥ ಚಪ್ಪಟೆ ತಿಂಡಿಗೆ, ನಡುವೆ ತಿರುವಿ ಹಾಕಿದರೆ ಪರವಾಗಿಲ್ಲ, ಪಲ್ಯ ತುಂಬಿದ್ದಕ್ಕೆ ಬೇಡ. ಎಣ್ಣೆಯಲ್ಲಿ ಕರಿಯಲು ಹೋಗಬೇಡಿ, ಹಾಳೆಯ ಬೆಣ್ಣೆಯ ಮೇಲೆ ಎಣ್ಣೆಯನ್ನೂ ಕುಡಿಯುತ್ತದೆ.

ಬೆಂದಿದೆಯೇ ಎಂದು ತಿಳಿಯುವುದು ಹೇಗೆ?

ಮೇಲಿನ ಬಣ್ಣ ನೋಡಿ ತೆಗೆಯಬೇಡಿ. ಒಂದನ್ನು ಚಪ್ಪಟೆ ಸೌಟಿನಲ್ಲಿ ಎತ್ತಿ ತಳ ನೋಡಿ: ಗೋಧಿ ಬಿಸ್ಕೆಟ್ಟಿನ ಬಣ್ಣ ಅಂಚಿನಿಂದ ನಡುವಿನವರೆಗೂ ಒಂದೇ ಸಮ ಇರಬೇಕು. ಬದಿಯ ಪದರಗಳ ನಡುವೆ ಹಸಿ ಬಿಳುಪು, ಒದ್ದೆ ಹೊಳಪು ಕಂಡರೆ 180ಕ್ಕೆ ಇಳಿಸಿ ಇನ್ನೈದು ನಿಮಿಷ ಬಿಡಿ. ಆದದ್ದು ಕೈಗೆ ಗಾತ್ರಕ್ಕಿಂತ ಹಗುರ ಅನ್ನಿಸುತ್ತದೆ. ತೆಗೆದ ಕೂಡಲೇ ಜಾಲರಿಯ ಮೇಲಿಡಿ. ಬಿಸಿ ಟ್ರೇಯಲ್ಲೇ ಬಿಟ್ಟರೆ ಅಡಿಯಲ್ಲಿ ಬೆವರಿ ಮೆತ್ತಗಾಗುತ್ತದೆ.

ಟ್ರೇ ತುಂಬ ಬೆಣ್ಣೆ ಹರಿದು ನಿಂತಿದೆ, ಉಬ್ಬೂ ಇಲ್ಲ. ಎಲ್ಲಿ ತಪ್ಪಿತು?

ಹಾಳೆ ಬೆಚ್ಚಗಿತ್ತು, ಇಲ್ಲವೇ ಒಲೆ ಕಾದಿರಲಿಲ್ಲ. ಹಲವು ಸಲ ಎರಡೂ. ಒಲೆ 160ರಲ್ಲಿದ್ದಾಗ ಒಳಗಿಟ್ಟರೆ ಆವಿ ಹುಟ್ಟುವ ಮೊದಲೇ ಬೆಣ್ಣೆ ಇಳಿದುಹೋಗುತ್ತದೆ. ಗುಂಡಿಯ ಮೇಲಿನ ಅಂಕಿ ಮತ್ತು ಒಳಗಿನ ನಿಜವಾದ ಬಿಸಿಯ ನಡುವೆ ವ್ಯತ್ಯಾಸವಿರುವುದು ಮನೆಯ ಒಲೆಗಳಲ್ಲಿ ಮಾಮೂಲು. ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದಿದ್ದರೆ ಈ ಊಹೆಯ ಆಟ ತಪ್ಪುತ್ತದೆ.

ಪಲ್ಯ ಹೊರಗೆ ಬಂದುಬಿಡುತ್ತದೆ.

ಹೆಚ್ಚು ತುಂಬಿದ್ದೀರಿ, ಅಥವಾ ಅಂಚಿಗೆ ಎಣ್ಣೆ ತಾಗಿದೆ. ಜಿಡ್ಡು ತಾಗಿದ ಅಂಚು ನೀರು ಹಚ್ಚಿದರೂ ಅಂಟುವುದಿಲ್ಲ. ಸೀಳು ಬಿಡದೆ ಇದ್ದರೂ ಆವಿ ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ.

ಎಷ್ಟು ದಿನ ಮೊದಲು ಮಾಡಿಡಬಹುದು?

ಬೇಯಿಸದೆ, ಪಲ್ಯ ತುಂಬಿ ಮಡಚಿದ ಹಂತದಲ್ಲಿ ಫ್ರೀಜ್ ಮಾಡುವುದೇ ಎಲ್ಲಕ್ಕಿಂತ ಜಾಣ ದಾರಿ. ಟ್ರೇಯಲ್ಲಿ ಬಿಡಿಬಿಡಿಯಾಗಿ ಎರಡು ಗಂಟೆ ಇಟ್ಟು ಕಲ್ಲಾದ ಮೇಲೆ ಡಬ್ಬಿಗೆ ತುಂಬಿ. ಒಂದು ತಿಂಗಳು ಚೆನ್ನಾಗಿರುತ್ತವೆ. ಬೇಯಿಸುವಾಗ ಕರಗಿಸಬೇಡಿ, ನೇರ ಒಲೆಗೆ, ಐದರಿಂದ ಏಳು ನಿಮಿಷ ಹೆಚ್ಚಿಗೆ. ಎಗ್ ಪಫ್ಸ್ ಮಾತ್ರ ಫ್ರೀಜ್ ಮಾಡಬೇಡಿ, ಬೆಂದ ಮೊಟ್ಟೆಯ ಬಿಳಿಭಾಗ ರಬ್ಬರಾಗುತ್ತದೆ. ಕೊಂಡ ಹಾಳೆಯನ್ನು ಪೂರ್ತಿ ಮೆತ್ತಗಾಗಲು ಬಿಟ್ಟು ಹಾಗೇ ಮತ್ತೆ ಫ್ರೀಜರಿಗೆ ತಳ್ಳಿದರೆ ಉಬ್ಬು ಕಳೆದುಕೊಳ್ಳುತ್ತದೆ. ಇನ್ನೂ ತಣ್ಣಗಿರುವಾಗಲೇ ಮಡಚಿ ಬೇಗ ಒಳಗಿಟ್ಟರೆ ತೊಂದರೆಯಿಲ್ಲ.

ಸಂಜೆ ಐದಕ್ಕೆ ಕಾಫಿ ಎಂದಾದರೆ, ಹಿಂದಿನ ರಾತ್ರಿ ಪಲ್ಯ ಮಾಡಿ ಫ್ರಿಜ್ಜಿಗಿಡಿ, ಹಾಳೆಯನ್ನೂ ಇಳಿಸಿ. ಬೆಳಗ್ಗೆ ಎಂಟಕ್ಕೆ ಮಡಚಿ ಟ್ರೇ ಮುಚ್ಚಿಡಿ. ನಾಲ್ಕಕ್ಕೆ ಒಲೆ ಹೊತ್ತಿಸಿ, ನಾಲ್ಕೂಕಾಲಿಗೆ ಕೆನೆ ಹಚ್ಚಿ ಒಳಗಿಡಿ. ಐದಕ್ಕೆ ಹತ್ತು ನಿಮಿಷವಿರುವಾಗ ತಿನ್ನುವ ಹದಕ್ಕೆ ಆರಿರುತ್ತವೆ.

ಮಿಕ್ಕಿದ್ದನ್ನು ಮತ್ತೆ ಬಿಸಿ ಮಾಡುವುದು?

ಒಲೆ ಅಥವಾ ಏರ್ ಫ್ರೈಯರ್‌ನಲ್ಲಿ 160 ಡಿಗ್ರಿ, ಐದಾರು ನಿಮಿಷ. ಸಾಮಾನ್ಯ ಮೈಕ್ರೋವೇವ್ ಬಿಸಿಗೆ ಪಲ್ಯದ ತೇವ ಪದರಗಳಿಗೆ ನುಗ್ಗಿ ಚಪಾತಿಯಂತಾಗುತ್ತದೆ. ಬಿಸಿಯಿರುವಾಗ ಹಾಟ್‌ಬಾಕ್ಸ್‌ಗೆ ಹಾಕುವುದು ನಮ್ಮಲ್ಲಿ ರೂಢಿ. ಇಡ್ಲಿಗೆ ಸರಿ, ಪಫ್ಸ್‌ಗೆ ಬೇಡ. ಎಗ್ ಪಫ್ಸ್ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.

ಒಬ್ಬರಿಗೆ ಎಷ್ಟು ಲೆಕ್ಕ?

ಬರೀ ಕಾಫಿ ತಿಂಡಿಯಾದರೆ ತಲಾ ಮೂರು ಸಣ್ಣವು. ಊಟ ಬಾಕಿಯಿದ್ದರೆ ಎರಡು. ಒಂಬತ್ತು ಜನಕ್ಕೆ ಒಂದು ಹಾಳೆಯ ಚಟ್ನಿಪುಡಿ ಚಕ್ರ, ಒಂದು ಹಾಳೆಯ ವೆಜ್ ಪಫ್ಸ್ ಸಾಕಾಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಹಿರಿಯರಿದ್ದರೆ ಆಲೂಗಡ್ಡೆ ಪಲ್ಯಕ್ಕೆ ಇಂಗು, ಶುಂಠಿ ಹಾಕಿ ಮೊದಲೇ ಒಂದು ಪಾಲು ಎತ್ತಿಟ್ಟುಕೊಳ್ಳಿ, ಮೇಲೆ ಎಳ್ಳು ಉದುರಿಸಿ ಗುರುತು ಮಾಡಿ.

ವಿದೇಶದಲ್ಲಿದ್ದೇವೆ. ಇಲ್ಲಿನ ಹಾಳೆಗೆ ಈ ಅಳತೆ ಹೊಂದುತ್ತದೆಯೇ?

ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ 490 ಗ್ರಾಂ ಡಬ್ಬಿಯಲ್ಲಿ ಎರಡು ಹಾಳೆ, ಹೆಚ್ಚುಕಡಿಮೆ ಇದೇ ಅಳತೆ. 200 ಡಿಗ್ರಿ ಎಂದರೆ ಅಲ್ಲಿನ 400 ಫ್ಯಾರನ್‌ಹೀಟ್. ಬ್ರಿಟನ್ನಿನಲ್ಲಿ ಫ್ರಿಜ್ಜಿನ ಸಾಲಿನಲ್ಲೇ 320 ಗ್ರಾಂ ಸುರುಳಿ ಸಿಗುತ್ತದೆ, ಕರಗಿಸುವ ಗೊಡವೆಯಿಲ್ಲ. ಫ್ಯಾನ್ ಇರುವ ಒಲೆಗೆ 20 ಡಿಗ್ರಿ ಕಡಿಮೆ ಮಾಡಿ. ಪಕ್ಕದಲ್ಲೇ ಇರುವ, ಕಾಗದದಷ್ಟು ತೆಳ್ಳಗಿನ ಫಿಲೋ ಹಾಳೆ ಬೇರೆ ಪದಾರ್ಥ, ಅದು ಉಬ್ಬುವುದಿಲ್ಲ. ಡಬ್ಬಿಯ ಮೇಲಿನ ಹೆಸರು ಓದಿ ತೆಗೆದುಕೊಳ್ಳಿ.

ಕತ್ತರಿಸಿ ಉಳಿದ ಅಂಚುಗಳನ್ನು ಏನು ಮಾಡುವುದು?

ಮುದ್ದೆ ಮಾಡಿ ನಾದಬೇಡಿ, ಪದರಗಳೆಲ್ಲ ಕಲಸಿಹೋಗುತ್ತವೆ. ಒಂದರ ಮೇಲೊಂದು ಪೇರಿಸಿ ಹಗುರಾಗಿ ಲಟ್ಟಿಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಬೆರಳುದ್ದ ಪಟ್ಟಿ ಮಾಡಿ, ಉಪ್ಪು, ಜೀರಿಗೆ, ಒಂದಿಷ್ಟು ಅಚ್ಚಖಾರ ಉದುರಿಸಿ 12 ನಿಮಿಷ ಬೇಯಿಸಿ. ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಮೂರು ದಿನ ಗರಿಗರಿಯಾಗಿರುತ್ತವೆ.